ಮುಟ್ಟು ನಿಲ್ಲುವ ಹೊತ್ತಿಗೆ ತಲೆನೋವು ಯಾಕೆ ಜಾಸ್ತಿ? ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಕಳೆದ ತಿಂಗಳು ಈ ಅಂಕಣದಲ್ಲಿ ಮುಟ್ಟು ನಿಲ್ಲುವ ವಯಸ್ಸಿನ ಸೆಕೆ, ಬೆವರು, ನಿದ್ದೆಗೇಡಿನ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಕಾಗದಗಳಲ್ಲಿ ಹೆಚ್ಚಿನವು ತಲೆನೋವಿನವು. ನನಗೇನೂ ಆಶ್ಚರ್ಯ ಆಗಲಿಲ್ಲ. ಹಾಸನದ ನನ್ನ ಕ್ಲಿನಿಕ್ಕಿನಲ್ಲೂ ಹೀಗೆಯೇ. ಮುಟ್ಟಿನ ತೊಂದರೆ ಹೇಳಿಕೊಳ್ಳಲು ಬಂದವರು ಎಲ್ಲ ಮುಗಿಸಿ ಎದ್ದು, ಬಾಗಿಲ ಹತ್ತಿರ ನಿಂತು, "ಮೇಡಂ, ಹಾಗೇ ತಲೆನೋವಿಗೂ ಒಂದು ಬರ್ಕೊಡಿ" ಅನ್ನುತ್ತಾರೆ. ವಾಪಸ್ ಕೂರಿಸಿ ಕೇಳಿದರೆ ಅರ್ಧ ಗಂಟೆಯ ಕಥೆ ಇರುತ್ತದೆ. ಹಾಗಾಗಿ ಈ ಸಲ ಪೂರ್ತಿ ಜಾಗ ತಲೆನೋವಿಗೇ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿದ್ದಾರೆ, ಊರು ಮಾತ್ರ ಹಾಕಿದ್ದೇನೆ. ಉದ್ದದ ಕಾಗದಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ನನಗೆ 47 ವರ್ಷ, ಪ್ರೈಮರಿ ಶಾಲೆಯಲ್ಲಿ ಟೀಚರ್. ಮೊದಲು ಮುಟ್ಟಿನ ಹಿಂದಿನ ದಿನ ತಲೆಯ ಬಲಗಡೆ ಸಿಡಿಯುವಂಥ ನೋವು ಬರುತ್ತಿತ್ತು. ವಾಂತಿ ಆಗಿ ಮಲಗಿದರೆ ಹೋಗುತ್ತಿತ್ತು. ನಮ್ಮತ್ತೆ ಪಿತ್ತ ಅಂತ ಶುಂಠಿ ಕಷಾಯ ಮಾಡಿಕೊಡುತ್ತಿದ್ದರು. ಈಗ ಮುಟ್ಟಿಗೆ ಲೆಕ್ಕವೇ ಇಲ್ಲ. ಒಮ್ಮೆ ಇಪ್ಪತ್ತು ದಿನಕ್ಕೆ, ಒಮ್ಮೆ ಎರಡು ತಿಂಗಳಿಗೆ. ತಲೆನೋವು ಮಾತ್ರ ತಿಂಗಳಿಗೆ ನಾಲ್ಕೈದು ಸಲ. ಸ್ಕ್ಯಾನ್ ಮಾಡಿಸಿದೆವು, ಏನೂ ಇಲ್ಲ ಅಂದರು. ಏನೂ ಇಲ್ಲದಿದ್ದರೆ ನೋವು ಯಾಕೆ? ಹಾರ್ಮೋನ್ ಟೆಸ್ಟ್ ಮಾಡಿಸಬೇಕಾ? ಇದಕ್ಕೆ ಕೊನೆ ಅಂತ ಇದೆಯಾ? (ತಿಪಟೂರು)

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಟೀಚರ್. ಇದೆ. ಮುಟ್ಟು ತಾನಾಗಿ ನಿಂತ ಮೇಲೆ ಇಂಥ ತಲೆನೋವು ಬಹಳಷ್ಟು ಹೆಂಗಸರಿಗೆ ಕಡಿಮೆ ಆಗುತ್ತದೆ, ಕೆಲವರಿಗೆ ಪೂರ್ತಿ ಹೋಗುತ್ತದೆ. ನನಗೂ ಹಾಗೇ ಆಯಿತು. ಆದರೆ ಅಲ್ಲಿಗೆ ಮುಟ್ಟುವ ಮುಂಚಿನ ಕೆಲವು ವರ್ಷ ಇದೆಯಲ್ಲ, ಅದೇ ಕಷ್ಟದ ಕಾಲ. ನೀವೀಗ ಅದರ ನಡುವೆ ಇದ್ದೀರಿ.

ನಿಮಗಿರುವುದು ಮೈಗ್ರೇನ್, ಅರೆತಲೆನೋವು. ಒಂದೇ ಕಡೆ, ಸಿಡಿಯುವ ನೋವು, ಜೊತೆಗೆ ವಾಂತಿ. ಬೆಳಕು, ಗಲಾಟೆ ಸಹಿಸಲು ಆಗುವುದಿಲ್ಲ, ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆ ಅಂತಲೂ ನೀವು ಬರೆದಿದ್ದೀರಿ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಔಷಧಿ ತಗೊಳ್ಳದಿದ್ದರೆ 4 ಗಂಟೆಯಿಂದ 72 ಗಂಟೆವರೆಗೂ ಕಾಡುವ ನೋವು ಇದು. ಸ್ಕ್ಯಾನಿನಲ್ಲಿ ಮೈಗ್ರೇನ್ ಕಾಣುವುದಿಲ್ಲ. ಗಡ್ಡೆ, ರಕ್ತಸ್ರಾವ ಇದ್ದರೆ ಸ್ಕ್ಯಾನ್ ತೋರಿಸುತ್ತದೆ. ಮಿದುಳು ಕೆಲಸ ಮಾಡುವ ರೀತಿಯಲ್ಲೇ ಇರುವ ಸೂಕ್ಷ್ಮತೆಯನ್ನು ಅದು ಹೇಗೆ ತೋರಿಸೀತು? "ಏನೂ ಇಲ್ಲ" ಅಂದರೆ ಗಡ್ಡೆ ಇಲ್ಲ ಅಂತ ಅರ್ಥ. ನೋವು ಸುಳ್ಳು ಅಂತಲ್ಲ. ಇದನ್ನು ಮನೆಯವರಿಗೂ ಓದಿ ಹೇಳಿ.

ಇನ್ನು ಮುಟ್ಟಿಗೂ ಇದಕ್ಕೂ ಏನು ನಂಟು? ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಮುಟ್ಟಿಗೆ ಒಂದೆರಡು ದಿನ ಮುಂಚೆ ಸರ್ರನೆ ಇಳಿಯುತ್ತದೆ. ಆ ಇಳಿತವೇ ಕೆಲವರ ಮಿದುಳಿಗೆ ಆಗಿಬರುವುದಿಲ್ಲ. ಆಸ್ಟ್ರೇಲಿಯಾದ ಬ್ರಯನ್ ಸಾಮರ್‌ವಿಲ್ ಎಂಬ ನರರೋಗ ತಜ್ಞರು 1972ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಮುಟ್ಟಿನ ಹೊತ್ತಿಗೆ ಮೈಗ್ರೇನ್ ಬರುವ ಹೆಂಗಸರಿಗೆ, ಮುಟ್ಟಿಗೆ ಮುಂಚೆ ಈಸ್ಟ್ರೋಜನ್ ಇಂಜೆಕ್ಷನ್ ಕೊಟ್ಟು ನೋಡಿದರು. ಮುಟ್ಟು ಅದರ ಹೊತ್ತಿಗೇ ಬಂತು, ತಲೆನೋವು ಮುಂದಕ್ಕೆ ಹೋಯಿತು. ಇಂಜೆಕ್ಷನ್ನಿನ ಪ್ರಭಾವ ಇಳಿದ ಮೇಲೆ ಬಂತು. ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಕೊಟ್ಟಾಗ ಇದರ ಉಲ್ಟಾ: ಮುಟ್ಟು ಮುಂದಕ್ಕೆ ಹೋಯಿತು, ತಲೆನೋವು ತನ್ನ ಹೊತ್ತಿಗೇ ಬಂತು. ಅಂದರೆ ನೋವು ತರುವುದು ರಕ್ತಸ್ರಾವ ಅಲ್ಲ, ಈಸ್ಟ್ರೋಜನ್ನಿನ ಇಳಿತ.

ಚಿಕ್ಕ ವಯಸ್ಸಿನಲ್ಲಿ ಈ ಇಳಿತ ತಿಂಗಳಿಗೊಮ್ಮೆ, ಅದೂ ಹೇಳಿದ ಹೊತ್ತಿಗೆ. ನಲವತ್ತೈದರ ಆಚೀಚೆ ಅಂಡಾಶಯ ಸುಸ್ತಾಗುತ್ತಾ ಬಂದಾಗ ಈಸ್ಟ್ರೋಜನ್ ಒಮ್ಮೆ ಮೊದಲಿಗಿಂತ ಜಾಸ್ತಿ ಏರುತ್ತದೆ, ಒಮ್ಮೆ ಪಾತಾಳಕ್ಕೆ ಬೀಳುತ್ತದೆ. ನಮ್ಮ ಹಳ್ಳಿಗಳ ಪಂಪ್‌ಸೆಟ್ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಕರೆಂಟ್ ಪೂರ್ತಿ ಹೋದರೆ ಮೋಟರಿಗೆ ಏನೂ ಆಗುವುದಿಲ್ಲ, ಸುಡುವುದು ವೋಲ್ಟೇಜ್ ಏರಿಳಿದಾಗ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯೇ ಇರುತ್ತದೆ, ಆದರೆ ಒಂದೇ ಮಟ್ಟದಲ್ಲಿ ಇರುತ್ತದೆ. ಆಗ ತಲೆಗೆ ಸಮಾಧಾನ.

ಅದಕ್ಕೇ ಹಾರ್ಮೋನ್ ಟೆಸ್ಟಿಗೆ ದುಡ್ಡು ಹಾಕಬೇಡಿ ಅನ್ನುವುದು. ಇವತ್ತು ಒಂದು ಅಂಕಿ, ಮುಂದಿನ ವಾರ ಇನ್ನೊಂದು. 45 ದಾಟಿದವರಲ್ಲಿ ಮುಟ್ಟು ಏರುಪೇರಾಗಿದೆ ಎಂದರೆ ಅದೇ ಟೆಸ್ಟು. ಹನ್ನೆರಡು ತಿಂಗಳು ಒಂದು ಸಲವೂ ಮುಟ್ಟಾಗದಿದ್ದರೆ ಮುಟ್ಟು ನಿಂತಿದೆ ಎಂದು ಲೆಕ್ಕ. ನಮ್ಮ ದೇಶದ ಹೆಂಗಸರಲ್ಲಿ ಇದು ಸರಾಸರಿ 46–47ಕ್ಕೆ ಆಗುತ್ತದೆ, ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರಿಗೆ. (ಅಲ್ಲಿಯವರೆಗೆ ಬಸಿರಾಗುವ ಸಾಧ್ಯತೆ ಇದ್ದೇ ಇದೆ. ಸುಮ್ನೆ ಹೇಳಿದೆ. ಪ್ರತಿ ವರ್ಷ ಒಬ್ಬರಾದರೂ ಬೆಚ್ಚಿಬಿದ್ದು ಬರುತ್ತಾರೆ.) ಬದಲಿಗೆ ರಕ್ತದ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ, ಬಿಪಿ ಅಳೆಸಿ. ಇವು ಮೂರೂ ಈ ವಯಸ್ಸಿನಲ್ಲಿ ಹೇಗೂ ನೋಡಿಸಬೇಕಾದವು.

ಈಗ ಕೆಲಸ. ನಿಮ್ಮ ಅಡುಗೆಮನೆ ಗೋಡೆಯಲ್ಲಿ ಕ್ಯಾಲೆಂಡರ್ ಇದ್ದೇ ಇರುತ್ತದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು ಬರೆಯುವುದು ಅದರಲ್ಲೇ ಅಲ್ವಾ? ಅದರಲ್ಲೇ ಇದನ್ನೂ ಬರೆಯಿರಿ. ಮುಟ್ಟಾದ ದಿನಕ್ಕೆ ಕೆಂಪು ಚುಕ್ಕೆ. ತಲೆನೋವು ಬಂದ ದಿನ 'ತ'. ಮಾತ್ರೆ ನುಂಗಿದ ದಿನ 'ಮ'. ಮಲಗಿಸಿಬಿಡುವಂಥ ನೋವಾದರೆ 'ತ'ಕ್ಕೆ ಸುತ್ತ ಒಂದು ಸೊನ್ನೆ. ಅಷ್ಟೇ. ಮೂರು ತಿಂಗಳ ಹಾಳೆ ಹರಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಚಂದ್ರ, ನಕ್ಷತ್ರ, ರಾಹುಕಾಲದ ನಡುವೆ ಗೀಚಿದ ಆ ಹಾಳೆ ನನಗೆ ಎಂಆರ್‌ಐ ಫಿಲ್ಮಿಗಿಂತ ಜಾಸ್ತಿ ವಿಷಯ ಹೇಳುತ್ತದೆ.

ನೋವು ಶುರುವಾದ ಕೂಡಲೇ ಮಾತ್ರೆ ತಗೊಳ್ಳಿ, "ತಡೆಯೋಣ, ಶಾಲೆ ಮುಗಿಯಲಿ" ಅಂತ ಕಾಯಬೇಡಿ. ಮೈಗ್ರೇನ್ ಬಂದಾಗ ಹೊಟ್ಟೆಯ ಕೆಲಸವೂ ನಿಧಾನವಾಗುತ್ತದೆ. ತಡವಾಗಿ ನುಂಗಿದ ಮಾತ್ರೆ ಹೊಟ್ಟೆಯಲ್ಲೇ ಕೂತಿರುತ್ತದೆ, ಇಲ್ಲವೇ ವಾಂತಿಯಲ್ಲಿ ಹೋಗುತ್ತದೆ. ಅದಕ್ಕೇ ವಾಂತಿ ನಿಲ್ಲುವ ಮಾತ್ರೆಯನ್ನೂ ಜೊತೆಗೆ ಬರೆದುಕೊಡುತ್ತೇವೆ. ಪ್ಯಾರಾಸಿಟಮಾಲ್, ನ್ಯಾಪ್ರೋಕ್ಸೆನ್ ಸಾಲದವರಿಗೆ ಸುಮಾಟ್ರಿಪ್ಟಾನ್, ರೈಜಾಟ್ರಿಪ್ಟಾನ್ ಎಂಬ ಮೈಗ್ರೇನಿಗೆಂದೇ ಇರುವ ಮಾತ್ರೆಗಳಿವೆ. ಹೃದಯದ ಕಾಯಿಲೆ, ಪಾರ್ಶ್ವವಾಯು ಆದವರಿಗೆ, ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ ಇವು ಬೇಡ.

ತಿಂಗಳಿಗೆ ನಾಲ್ಕೈದು ಸಲ ಬರುತ್ತಿದೆ ಎಂದರೆ ನಿಮಗೆ ನೋವು ಬರದಂತೆ ತಡೆಯುವ ಮಾತ್ರೆಯ ಬಗ್ಗೆ ಮಾತಾಡುವ ಹೊತ್ತು ಬಂದಿದೆ. ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್, ಫ್ಲೂನಾರಿಜಿನ್, ಟೊಪಿರಾಮೇಟ್ ಹೀಗೆ ಹಲವು ಇವೆ. ಯಾರಿಗೆ ಯಾವುದು ಅನ್ನುವುದು ಮನುಷ್ಯರನ್ನು ನೋಡಿ. ಆಸ್ತಮಾ ಇದ್ದರೆ ಪ್ರೊಪ್ರನಲಾಲ್ ಕೊಡುವುದಿಲ್ಲ. ತೂಕ ಏರುತ್ತಿದೆ, ಮನಸ್ಸು ಮಂಕಾಗಿದೆ ಅನ್ನುವವರಿಗೆ ಫ್ಲೂನಾರಿಜಿನ್ ಬೇಡ. ನಿದ್ದೆ ಬಾರದವರಿಗೆ ರಾತ್ರಿ ಚಿಕ್ಕ ಡೋಸಿನ ಅಮಿಟ್ರಿಪ್ಟಿಲಿನ್ ಎರಡು ಕೆಲಸ ಮಾಡುತ್ತದೆ. ಇವು ಒಂದೆರಡು ದಿನಕ್ಕೆ ಕೆಲಸ ತೋರಿಸುವುದಿಲ್ಲ. ಆರೆಂಟು ವಾರ ಬೇಕು. "ಒಂದು ವಾರ ತಗೊಂಡೆ, ಏನೂ ಆಗಲಿಲ್ಲ, ಬಿಟ್ಟೆ" ಅನ್ನುವವರೇ ಜಾಸ್ತಿ.

ಅತ್ತೆಯವರ ಕಷಾಯ ಕುಡಿಯಿರಿ, ತೊಂದರೆ ಇಲ್ಲ. ಶುಂಠಿ ಓಕರಿಕೆಗೆ ಒಳ್ಳೆಯದೇ.

ನನ್ನದು ಟೈಲರಿಂಗ್ ಅಂಗಡಿ, ವಯಸ್ಸು 49. ಎರಡು ವರ್ಷದಿಂದ ತಲೆನೋವು. ಈಗ ದಿನಾ ಬೆಳಿಗ್ಗೆ ಎದ್ದ ಕೂಡಲೇ ಇರುತ್ತದೆ. ಮೆಡಿಕಲ್ ಶಾಪಿನಿಂದ ತಂದ ಮಾತ್ರೆ ಬೆಳಿಗ್ಗೆ ಒಂದು, ಹಬ್ಬ-ಮದುವೆ ಸೀಸನ್ನಿನಲ್ಲಿ ಸಂಜೆಗೂ ಒಂದು. ನುಂಗದಿದ್ದರೆ ಮಷೀನ್ ಮುಂದೆ ಕೂರಲು ಆಗಲ್ಲ. ಮುಟ್ಟು ನಿಂತರೆ ಸರಿ ಹೋಗುತ್ತದೆ ಅಂತ ಅಕ್ಕ ಹೇಳುತ್ತಾಳೆ. ಕಾಯಲಾ? (ಗದಗ)

ಕಾಯಬೇಡಿ. ಈ ತಲೆನೋವು ಮುಟ್ಟು ನಿಂತರೂ ಹೋಗುವುದಿಲ್ಲ, ಯಾಕೆಂದರೆ ಈಗ ಇದನ್ನು ಸಾಕುತ್ತಿರುವುದು ನಿಮ್ಮ ಮಾತ್ರೆ.

ಕೇಳಲು ವಿಚಿತ್ರ ಅನ್ನಿಸಬಹುದು. ನೋವಿನ ಮಾತ್ರೆಯೇ ನೋವು ತರುತ್ತದಾ ಅಂತ ನನ್ನ ಎದುರು ಕೂತವರೆಲ್ಲ ಕೇಳುತ್ತಾರೆ, ಕೆಲವರು ನಂಬುವುದೂ ಇಲ್ಲ. ಮೈಗ್ರೇನ್ ಸ್ವಭಾವ ಇದ್ದವರು ಮಾತ್ರೆಯನ್ನು ಹೆಚ್ಚು ದಿನ ನುಂಗುತ್ತಾ ಹೋದರೆ ಮಿದುಳಿನ ನೋವಿನ ಜಾಲ ಇನ್ನೂ ಸೂಕ್ಷ್ಮವಾಗುತ್ತದೆ. ರಾತ್ರಿ ಮಾತ್ರೆಯ ಪ್ರಭಾವ ಇಳಿಯುತ್ತದೆ, ಬೆಳಿಗ್ಗೆ ನೋವಿನ ಜೊತೆಗೇ ಏಳುತ್ತೀರಿ, ಮತ್ತೆ ಮಾತ್ರೆ. ಬರೀ ಪ್ಯಾರಾಸಿಟಮಾಲ್ ಥರದ ಒಂದೇ ಔಷಧಿಯ ಮಾತ್ರೆಯಾದರೆ ತಿಂಗಳಿಗೆ 15 ದಿನ, ಎರಡು ಮೂರು ಔಷಧಿ ಸೇರಿಸಿದ ಮಾತ್ರೆ, ಎರ್ಗೋಟಮಿನ್, ಟ್ರಿಪ್ಟಾನ್ ಥರದ ಮೈಗ್ರೇನ್ ಮಾತ್ರೆ ಆದರೆ 10 ದಿನ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಇದನ್ನು ದಾಟಿದರೆ ಅಪಾಯದ ಗೆರೆ ದಾಟಿದಂತೆ. ಎಷ್ಟು ಮಾತ್ರೆ ಅನ್ನುವುದಕ್ಕಿಂತ ಎಷ್ಟು ದಿನ ಅನ್ನುವುದು ಇಲ್ಲಿ ಮುಖ್ಯ. ನಿಮ್ಮದು ತಿಂಗಳಿಗೆ ಮೂವತ್ತು ದಿನ.

ನೀವು ಕಾಗದದ ಜೊತೆ ಮಾತ್ರೆಯ ಖಾಲಿ ಶೀಟನ್ನೂ ಇಟ್ಟು ಕಳಿಸಿದ್ದು ಒಳ್ಳೆಯದಾಯಿತು. ಬೆಳ್ಳಿ ಹಾಳೆಯ ಹಿಂದೆ ನೋಡಿದೆ. ಮೂರು ಔಷಧಿ ಸೇರಿದೆ, ಅದರಲ್ಲಿ ಒಂದು ಕೆಫೀನ್, ಕಾಫಿಯಲ್ಲಿ ಇರುವುದೇ. ಅದಕ್ಕೇ ನುಂಗಿದ ಕೂಡಲೇ ಲವಲವಿಕೆ ಬರುವುದು, ಬಿಟ್ಟ ದಿನ ತಲೆ ಹಿಡಿಯುವುದು. ಉಳಿದ ಓದುಗರಿಗೂ ಒಂದು ಮಾತು. ಅಂಗಡಿಯಲ್ಲಿ ಎರಡು ಮಾತ್ರೆ ಕತ್ತರಿಸಿ ಕೊಟ್ಟಾಗ ಹೆಸರು ಇರುವ ಭಾಗ ಸಾಮಾನ್ಯವಾಗಿ ಕತ್ತರಿಸಿ ಹೋಗಿರುತ್ತದೆ. ಪೂರ್ತಿ ಶೀಟ್ ಕೇಳಿ ಅಥವಾ ಹೆಸರಿನ ಫೋಟೋ ತಗೊಳ್ಳಿ.

ಬಿಡುವುದು ಹೇಗೆ? ನಿಮ್ಮಂಥ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಹುದು, ಆದರೆ ಒಬ್ಬರೇ ಮಾಡಬೇಡಿ. ಡಾಕ್ಟರ ಹತ್ತಿರ ಹೋಗಿ, ನೋವು ತಡೆಯುವ ಮಾತ್ರೆ ಶುರು ಮಾಡಿಸಿಕೊಂಡು ನಿಲ್ಲಿಸಿ. ಮೊದಲ ಎರಡರಿಂದ ಹತ್ತು ದಿನ ನೋವು ಹೆಚ್ಚಾಗುತ್ತದೆ. ವಾಂತಿ, ಕಿರಿಕಿರಿ, ನಿದ್ದೆ ಬಾರದಿರುವುದು ಎಲ್ಲ ಇರುತ್ತದೆ. ಮುಕ್ಕಾಲು ಪಾಲು ಜನ ಇಲ್ಲೇ ಸೋತು ಮತ್ತೆ ಶೀಟ್ ಹರಿಯುವುದು ಅಂತ ನನ್ನ ಅಂದಾಜು. ಇದನ್ನು ದಾಟಿದರೆ ಸಾಕು. ಎರಡು ತಿಂಗಳೊಳಗೆ ಹೆಚ್ಚಿನವರಿಗೆ ತಲೆನೋವಿಲ್ಲದ ಬೆಳಗು ಬರತೊಡಗುತ್ತದೆ. ಹಾಗಾಗಿ ದೀಪಾವಳಿಗೆ ಬ್ಲೌಸ್ ರಾಶಿ ಬಿದ್ದಿರುವಾಗ ಶುರು ಮಾಡಬೇಡಿ, ಆಷಾಢದಲ್ಲಿ ಮದುವೆಗಳಿಲ್ಲದೆ ಕೆಲಸ ಕಡಿಮೆ ಇರುವಾಗ ಮಾಡಿ. ನಿದ್ದೆ ಮಾತ್ರೆ, ಟ್ರಮಡಾಲ್, ಕೊಡೀನ್ ಥರದ್ದು ಸೇರಿರುವ ಮಾತ್ರೆ ತಗೊಳ್ಳುವವರು ಮಾತ್ರ ಒಮ್ಮೆಲೇ ನಿಲ್ಲಿಸಲೇಬೇಡಿ, ಅವನ್ನು ನಿಧಾನವಾಗಿ ಇಳಿಸಬೇಕು.

ಆಮೇಲೆ ನಿಯಮ ಒಂದೇ. ನೋವಿನ ಮಾತ್ರೆ ವಾರಕ್ಕೆ ಎರಡು ದಿನ ಮೀರಬಾರದು.

ಇನ್ನೆರಡು ವಿಷಯ ನಿಮ್ಮ ಕಸುಬಿಗೆ ಸೇರಿದ್ದು. ನೀವು ಕನ್ನಡಕದ ಬಗ್ಗೆ ಏನೂ ಬರೆದಿಲ್ಲ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಇದ್ದದ್ದೇ. ಸೂಜಿಗೆ ದಾರ ಪೋಣಿಸಲು ಕೈ ದೂರ ಹಿಡಿಯುತ್ತೀರಾ? ಹಾಗಿದ್ದರೆ ಕಣ್ಣು ತೋರಿಸಿ. ಎರಡನೆಯದು, ರಾತ್ರಿ ಗೊರಕೆ ಹೊಡೆಯುತ್ತೀರಾ ಅಂತ ಮನೆಯವರನ್ನು ಕೇಳಿ. ಈ ವಯಸ್ಸಿನಲ್ಲಿ ಹೆಂಗಸರಿಗೂ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಹೆಚ್ಚುತ್ತದೆ, ಅದಕ್ಕೂ ಬೆಳಗಿನ ತಲೆನೋವೇ ಗುರುತು. ಗೊರಕೆ ಗಂಡಸರದ್ದು ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ.

ವಯಸ್ಸು 44. ಮುಟ್ಟಾದರೆ ಹತ್ತು ದಿನ ಹೋಗುತ್ತದೆ, ಗಡ್ಡೆ ಗಡ್ಡೆಯಾಗಿ. ಸುಸ್ತು, ತಲೆನೋವು. ಗರ್ಭಕೋಶ ತೆಗೆಸಿಬಿಡಿ, ಎರಡೂ ಒಟ್ಟಿಗೆ ಹೋಗುತ್ತದೆ ಎಂದು ನಮ್ಮ ಓಣಿಯಲ್ಲಿ ಆಪರೇಷನ್ ಆದವರು ಹೇಳುತ್ತಾರೆ. ನಿಜವಾ? (ಜೇವರ್ಗಿ)

ತಲೆನೋವಿಗೆಂದು ಗರ್ಭಕೋಶ ತೆಗೆಸುವುದು ಬೇಡವೇ ಬೇಡ. ಗರ್ಭಕೋಶದಲ್ಲಿ ತಲೆನೋವು ಹುಟ್ಟುವುದಿಲ್ಲ. ಆಪರೇಷನ್ನಿನಲ್ಲಿ ಅಂಡಾಶಯವನ್ನೂ ತೆಗೆದರಂತೂ ಈಸ್ಟ್ರೋಜನ್ ಒಂದೇ ದಿನಕ್ಕೆ ಬಿದ್ದುಹೋಗುತ್ತದೆ. ಇಟಲಿಯಲ್ಲಿ ಮುಟ್ಟು ನಿಂತ ಹೆಂಗಸರನ್ನು ನೋಡಿ 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮುಟ್ಟು ತಾನಾಗಿ ನಿಂತವರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರಿಗೆ ಮೈಗ್ರೇನ್ ಕಡಿಮೆಯಾಗಿತ್ತು. ಆಪರೇಷನ್ನಿನಿಂದ ನಿಂತವರಲ್ಲಿ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಂಗಸರಿಗೆ ಅದು ಹೆಚ್ಚಾಗಿತ್ತು. ಓಣಿಯವರಿಗೆ ಇದನ್ನೂ ಹೇಳಿ.

ನಿಮ್ಮ ತಲೆನೋವಿಗೆ ನನ್ನ ಮೊದಲ ಅನುಮಾನ ರಕ್ತ ಕಡಿಮೆ ಆಗಿರುವುದರ ಮೇಲೆ. ಹತ್ತು ದಿನ ಗಡ್ಡೆಯಾಗಿ ಹೋದರೆ ಮೈಯಲ್ಲಿ ಕಬ್ಬಿಣಾಂಶ ಉಳಿಯುವುದು ಹೇಗೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ ಕಡಿಮೆ ಇದ್ದಾಗ ತಲೆ ಭಾರ, ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ. ಮಣ್ಣು, ಸುಣ್ಣ, ಹಸಿ ಅಕ್ಕಿ ತಿನ್ನಬೇಕು ಅನ್ನಿಸುತ್ತದಾ? ಅದೂ ಗುರುತೇ. ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಕಬ್ಬಿಣದ ಮಾತ್ರೆ ಊಟದ ಜೊತೆಗಿನ ಚಹಾದಲ್ಲಿ ನುಂಗಬೇಡಿ, ನಿಂಬೆಹಣ್ಣಿನ ನೀರಿನಲ್ಲಿ ನುಂಗಿ. ಮಲ ಕಪ್ಪಾಗುತ್ತದೆ, ಹೆದರಬೇಡಿ.

ರಕ್ತಸ್ರಾವಕ್ಕೆ ಕಾರಣ ಹುಡುಕಲು ಹೊಟ್ಟೆಯ ಸ್ಕ್ಯಾನ್ ಬೇಕು, ಅದನ್ನು ತಳ್ಳಿಹಾಕಬೇಡಿ. ಮಾತ್ರೆ ಇದೆ, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ಕಾಯಿಲ್ ಇದೆ. ಹಲವರಿಗೆ ಅದರಿಂದಲೇ ಸ್ರಾವ ಹತೋಟಿಗೆ ಬಂದು ಆಪರೇಷನ್ ತಪ್ಪುತ್ತದೆ. ಆಪರೇಷನ್ನೇ ಬೇಕೆಂದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ, ಮತ್ತು ಒಪ್ಪಿಗೆ ಹಾಳೆಗೆ ಸಹಿ ಹಾಕುವ ಮುಂಚೆ "ಅಂಡಾಶಯ ಉಳಿಸುತ್ತೀರಾ?" ಅಂತ ಕೇಳಿ. ಓದಲು ಬರುವ ಮಗಳನ್ನೋ ತಂಗಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ.

ಶುಕ್ರವಾರ ತಲೆಗೆ ನೀರು ಹಾಕಿಕೊಂಡರೆ ಸಂಜೆಯೊಳಗೆ ಅರೆತಲೆನೋವು ಗ್ಯಾರಂಟಿ. ಡಾಕ್ಟರಿಗೆ ಹೇಳಿದರೆ ನಗುತ್ತಾರೆ. (ಶಿರಸಿ)

ನಾನು ನಗುವುದಿಲ್ಲ. ಮುಂಬೈಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ತಲೆಸ್ನಾನದಿಂದ ಮೈಗ್ರೇನ್ ಬರುವ 94 ಭಾರತೀಯ ರೋಗಿಗಳ ಬಗ್ಗೆ ಅಂತರರಾಷ್ಟ್ರೀಯ ತಲೆನೋವು ಪತ್ರಿಕೆಯಲ್ಲೇ ಬರೆದಿದ್ದಾರೆ. ಪಾಶ್ಚಾತ್ಯ ಪುಸ್ತಕಗಳಲ್ಲಿ ಇಲ್ಲ ಅಂದ ಮಾತ್ರಕ್ಕೆ ನಮ್ಮ ಹೆಂಗಸರ ತಲೆಯಲ್ಲಿ ಇಲ್ಲ ಅಂತ ಆಗುವುದಿಲ್ಲ.

ಉದ್ದ ಕೂದಲು, ಮಲೆನಾಡಿನ ಮಳೆಗಾಲ, ಒದ್ದೆ ತಲೆಗೆ ಬಿಗಿಯಾಗಿ ಸುತ್ತಿದ ಟವೆಲ್, ಅದರಲ್ಲೇ ಒಲೆ ಮುಂದೆ ಕೆಲಸ, ಪೂಜೆ ಮುಗಿಯುವವರೆಗೆ ಉಪವಾಸ, ಊದುಬತ್ತಿಯ ಹೊಗೆ. ಇದರಲ್ಲಿ ಯಾವುದು ಕಾರಣ ಅಂತ ನೀವೇ ಒಂದೊಂದಾಗಿ ತೆಗೆದು ನೋಡಿ. ಬಿಸಿಲು ಇರುವ ಹೊತ್ತಿನಲ್ಲಿ ಸ್ನಾನ ಮಾಡಿ, ಕೂದಲು ಬೇಗ ಒಣಗಿಸಿ, ಹಸಿದು ಇರಬೇಡಿ. ಮುಟ್ಟು ಬರಬಹುದು ಅನ್ನಿಸುವ ದಿನಗಳಲ್ಲಿ ತಲೆಗೆ ನೀರು ಬೇಡ, ಶುಕ್ರವಾರ ಮುಂದಿನ ವಾರವೂ ಬರುತ್ತದೆ. ಮಲ್ಲಿಗೆ, ಸಂಪಿಗೆ ಘಮಕ್ಕೆ ತಲೆ ಹಿಡಿಯುವವರೂ ಇದ್ದಾರೆ. ಮದುವೆಮನೆಯಲ್ಲಿ ಹೂ ಕೊಟ್ಟರೆ ಬೇಡ ಅನ್ನಲಾಗದ ಸಂಕಟ ನನಗೆ ಗೊತ್ತು. ಮುಡಿದು, ಆಚೆ ಬಂದು ತೆಗೆದುಬಿಡಿ.

ನಮ್ಮ ಮನೆಯವರಿಗೆ 51. ಮುಟ್ಟು ನಿಂತು ಒಂದೂವರೆ ವರ್ಷ. ರಾತ್ರಿ ನಾಲ್ಕು ಸಲ ಬೆವರಿ ಏಳುತ್ತಾರೆ. ಹಾರ್ಮೋನ್ ಜೆಲ್ ಕೊಡೋಣ ಎಂದು ಡಾಕ್ಟರ್ ಹೇಳಿದ್ದಾರೆ. ಆದರೆ ಇವರಿಗೆ ಹುಡುಗಿಯಾಗಿದ್ದಾಗಿನಿಂದ ತಲೆನೋವಿಗೆ ಮುಂಚೆ ಕಣ್ಣ ಮುಂದೆ ಹಲ್ಲುಹಲ್ಲಾದ ಮಿಂಚು ಗೆರೆ ಬರುತ್ತದೆ. ಅಂಥವರಿಗೆ ಹಾರ್ಮೋನ್ ಕೊಟ್ಟರೆ ಲಕ್ವ ಹೊಡೆಯುತ್ತದೆ ಎಂದು ಎಲ್ಲೋ ಓದಿದೆ. (ಮೈಸೂರು)

ಹೆಂಡತಿಯ ಬೆವರಿನ ಲೆಕ್ಕ ಇಟ್ಟು ಗಂಡ ಕಾಗದ ಬರೆಯುವುದು ಅಪರೂಪ. ಸಂತೋಷ, ಸ್ವಾಮಿ.

ನೀವು ಓದಿದ್ದು ಅರ್ಧ ನಿಜ. ಆ ಮಿಂಚು ಗೆರೆಗೆ ಆರಾ ಅನ್ನುತ್ತೇವೆ. ನಿಧಾನವಾಗಿ ಹರಡುತ್ತಾ ಹೋಗಿ ಐದು ನಿಮಿಷದಿಂದ ಒಂದು ಗಂಟೆಯೊಳಗೆ ಮಾಯ ಆಗುತ್ತದೆ. ಆರಾ ಇರುವ ಮೈಗ್ರೇನಿನವರಿಗೆ ಪಾರ್ಶ್ವವಾಯುವಿನ ಅಪಾಯ ಉಳಿದವರಿಗಿಂತ ಸ್ವಲ್ಪ ಹೆಚ್ಚು. ಅಂಥವರಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇದು ಮುಟ್ಟು ಏರುಪೇರಾಗಿರುವ ನಲವತ್ತರ ಆಚೆಯ ಹೆಂಗಸರು ಚೆನ್ನಾಗಿ ನೆನಪಿಡಬೇಕಾದ್ದು. ಮುಟ್ಟು ಸರಿಮಾಡಲು ಅದೇ ಮಾತ್ರೆಯನ್ನು ಬರೆಯುವುದುಂಟು. "ನನಗೆ ಕಣ್ಣಲ್ಲಿ ಮಿಂಚು ಬಂದು ತಲೆನೋವು ಬರುತ್ತೆ" ಅಂತ ನೀವು ಹೇಳದಿದ್ದರೆ ಡಾಕ್ಟರಿಗೆ ತಿಳಿಯುವುದಿಲ್ಲ.

ಆದರೆ ಮುಟ್ಟು ನಿಂತ ಮೇಲೆ ಕೊಡುವ ಹಾರ್ಮೋನ್ ಬೇರೆ ಕಥೆ. ಅದರ ಪ್ರಮಾಣ ತುಂಬಾ ಕಡಿಮೆ. ಚರ್ಮಕ್ಕೆ ಹಚ್ಚುವ ಜೆಲ್ ಸೀದಾ ರಕ್ತಕ್ಕೆ ಸೇರುತ್ತದೆ. ನುಂಗುವ ಮಾತ್ರೆಯಂತೆ ಮೊದಲು ಯಕೃತ್ತಿಗೆ ಹೋಗುವುದಿಲ್ಲ, ಹಾಗಾಗಿ ರಕ್ತ ಹೆಪ್ಪುಗಟ್ಟುವ ಭಯವೂ ಕಡಿಮೆ. ದಿನಾ ಒಂದೇ ಮಟ್ಟದಲ್ಲಿ ಇರುವುದರಿಂದ ತಲೆನೋವನ್ನೂ ಅಷ್ಟಾಗಿ ಕೆಣಕುವುದಿಲ್ಲ. ಆರಾ ಇದೆ ಅನ್ನುವ ಒಂದೇ ಕಾರಣಕ್ಕೆ ಜೆಲ್ ಬೇಡ ಅನ್ನಬೇಕಿಲ್ಲ. ಗರ್ಭಕೋಶ ಇರುವವರಿಗೆ ಜೊತೆಯಲ್ಲಿ ಪ್ರೊಜೆಸ್ಟರಾನ್ ಕೊಡಲೇಬೇಕು, ಅದನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಸ್ತನ ಕ್ಯಾನ್ಸರ್ ಆದವರಿಗೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರಿಗೆ, ಪಾರ್ಶ್ವವಾಯು ಆದವರಿಗೆ ದಾರಿ ಬೇರೆ. ನಿಮ್ಮ ಮನೆಯವರ ಬಿಪಿ, ಸಕ್ಕರೆ ನೋಡಿಸಿ ಆಮೇಲೆ ಶುರು ಮಾಡಿ. ಶುರು ಮಾಡಿದ ಮೇಲೆ ಮಿಂಚು ಹೆಚ್ಚಾದರೆ ಕೂಡಲೇ ಡಾಕ್ಟರಿಗೆ ತಿಳಿಸಿ.

ಹಾರ್ಮೋನ್ ಬೇಡವೇ ಬೇಡ ಅನ್ನುವವರಿಗೆ ವೆನ್ಲಾಫ್ಯಾಕ್ಸಿನ್ ಎಂಬ ಮಾತ್ರೆ ಇದೆ. ಅದು ಬೆವರನ್ನೂ ಇಳಿಸುತ್ತದೆ, ಮೈಗ್ರೇನನ್ನೂ ತಡೆಯುತ್ತದೆ. ಮನಸ್ಸಿನ ಕಾಯಿಲೆಯ ಮಾತ್ರೆ ಅಂತ ಗೂಗಲ್ ಹೇಳಿದರೆ ಗಾಬರಿಯಾಗಬೇಡಿ, ಅದು ಎರಡು ಮೂರು ಕೆಲಸಕ್ಕೆ ಬರುವ ಮಾತ್ರೆ.

ಒಂದು ಎಚ್ಚರಿಕೆ. ಆರಾ ನಿಧಾನವಾಗಿ ಬರುತ್ತದೆ, ಲಕ್ವ ದಿಢೀರನೆ. ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಆದರೆ ಮೈಗ್ರೇನ್ ಇರಬೇಕು ಅಂತ ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ. ಐವತ್ತು ದಾಟಿದ ಮೇಲೆ ಜೀವನದಲ್ಲೇ ಮೊದಲ ಸಲ ಮಿಂಚು ಕಂಡರೂ ತೋರಿಸಿಕೊಳ್ಳಿ.

ನಮ್ಮಮ್ಮನಿಗೆ 66. ಮುಟ್ಟು ನಿಂತು ಯಾವುದೋ ಕಾಲ ಆಯಿತು. ಜೀವಮಾನದಲ್ಲಿ ತಲೆನೋವು ಅಂದವರಲ್ಲ. ಮೂರು ವಾರದಿಂದ ಕಪಾಲದ ಪಕ್ಕ ನೋವು. ಬಾಚಣಿಗೆ ತಾಗಿದರೂ ತಲೆ ನೋಯುತ್ತದೆ ಅನ್ನುತ್ತಾರೆ. ರೊಟ್ಟಿ ಅಗಿಯುತ್ತಾ ದವಡೆ ಸೋತು ಅರ್ಧಕ್ಕೇ ನಿಲ್ಲಿಸುತ್ತಾರೆ. ಹಲ್ಲಿನ ಡಾಕ್ಟರಿಗೆ ತೋರಿಸಿದೆವು. ಇದೂ ಹಾರ್ಮೋನಾ? (ಬೈಲಹೊಂಗಲ)

ಈ ಕಾಗದಕ್ಕೆ ಪತ್ರಿಕೆ ಅಚ್ಚಾಗುವವರೆಗೆ ಕಾಯಲಿಲ್ಲ. ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿ ಅಂದೇ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆ. ಉಳಿದವರಿಗೂ ತಿಳಿಯಲಿ ಎಂದು ಇಲ್ಲಿ ಹಾಕುತ್ತಿದ್ದೇನೆ.

ಇದು ಹಾರ್ಮೋನ್ ಅಲ್ಲ. ಐವತ್ತು ದಾಟಿದವರಲ್ಲಿ, ಅದೂ ಹೆಂಗಸರಲ್ಲಿ ಹೆಚ್ಚಾಗಿ, ಕಪಾಲದ ರಕ್ತನಾಳಗಳು ಊದಿಕೊಳ್ಳುವ ಕಾಯಿಲೆಯೊಂದಿದೆ. ನಮ್ಮ ದೇಶದಲ್ಲಿ ಅಪರೂಪ, ಆದರೆ ಮರೆತರೆ ಕಣ್ಣೇ ಹೋಗುತ್ತದೆ. ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳಲ್ಲಿ ಸುಳಿವು ಸಿಗುತ್ತದೆ. ಅನುಮಾನ ಬಲವಾಗಿದ್ದರೆ ಸ್ಟೀರಾಯ್ಡ್ ಕೂಡಲೇ ಶುರು ಮಾಡಬೇಕು, ಉಳಿದ ಪರೀಕ್ಷೆ ಆಮೇಲೆ.

ಕಣ್ಣಿನದೇ ಇನ್ನೊಂದು. ಈ ವಯಸ್ಸಿನ ಹೆಂಗಸರಲ್ಲಿ ಕಣ್ಣಿನೊಳಗಿನ ಒತ್ತಡ ದಿಢೀರನೆ ಏರುವ ಗ್ಲಕೋಮ. ಹಣೆ, ಕಣ್ಣು ಸಿಡಿಯುವ ನೋವು, ವಾಂತಿ. ಥೇಟ್ ಮೈಗ್ರೇನಿನಂತೆ. ಆದರೆ ಕಣ್ಣು ಕೆಂಪಗಿರುತ್ತದೆ, ನೋಟ ಮಂಜು, ಟ್ಯೂಬ್‌ಲೈಟಿನ ಸುತ್ತ ಕಾಮನಬಿಲ್ಲಿನ ಬಳೆ ಕಾಣುತ್ತದೆ. ಬಾಮ್ ಹಚ್ಚಿಕೊಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ದೃಷ್ಟಿಗೆ ಕುತ್ತು ಬರಬಹುದು. ರಾತ್ರಿಯಾದರೂ ಸರಿ, ಹೋಗಿ.

ಸಿಡಿಲು ಬಡಿದಂತೆ ಒಂದೇ ನಿಮಿಷದಲ್ಲಿ ಏರಿದ ನೋವು, ಜ್ವರದ ಜೊತೆ ಕತ್ತು ಬಗ್ಗದಿರುವುದು, ಫಿಟ್ಸ್, ಕೆಮ್ಮಿದರೆ ಅಥವಾ ಮಲಗಿದರೆ ಹೆಚ್ಚುವ ನೋವು, ಕ್ಯಾನ್ಸರ್ ಆದವರಿಗೆ ಬಂದ ಹೊಸ ನೋವು, ಇವುಗಳಿಗೂ ಮುಟ್ಟಿನ ಲೆಕ್ಕ ಹಾಕುತ್ತಾ ಕೂರಬಾರದು.

ಕಾಫಿ ಬಿಟ್ಟರೆ ತಲೆನೋವು ಹೋಗುತ್ತದಾ? ದಿನಾ ಐದು ಲೋಟ ಕುಡಿಯುತ್ತೇನೆ. ಏಕಾದಶಿ ದಿನ ಮಾತ್ರ ಇಲ್ಲ, ಅವತ್ತೇ ತಲೆನೋವು. (ಚಿಕ್ಕಮಗಳೂರು)

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ದಿನಾ ಕುಡಿಯುವವರು ಒಂದು ದಿನ ಬಿಟ್ಟರೆ 24 ಗಂಟೆಯೊಳಗೆ ತಲೆ ಹಿಡಿಯುತ್ತದೆ. ಜೊತೆಗೆ ಖಾಲಿ ಹೊಟ್ಟೆ ಬೇರೆ. ಚಿಕ್ಕಮಗಳೂರಿನವರಿಗೆ ಕಾಫಿ ಬಿಡಿ ಅನ್ನುವ ಧೈರ್ಯ ನನಗಿಲ್ಲ. ವಾರಕ್ಕೊಂದು ಲೋಟದಂತೆ ಇಳಿಸುತ್ತಾ ದಿನಕ್ಕೆ ಎರಡಕ್ಕೆ ಬನ್ನಿ, ಎರಡನ್ನೂ ದಿನಾ ಅದೇ ಹೊತ್ತಿಗೆ ಕುಡಿಯಿರಿ, ಸಂಜೆ ನಾಲ್ಕರ ಮೇಲೆ ಬೇಡ. ಏಕಾದಶಿಗೆ ಹಾಲು, ಹಣ್ಣು ತಗೊಳ್ಳುವ ಪದ್ಧತಿ ನಿಮ್ಮ ಮನೆಯಲ್ಲಿ ಇದ್ದರೆ ಬೆಳಗಿನ ಹಾಲಿಗೆ ಎರಡು ಚಮಚ ಡಿಕಾಕ್ಷನ್ ಸೇರಿಸಿಕೊಳ್ಳಿ. ದೇವರ ಲೆಕ್ಕ ನನಗೆ ಗೊತ್ತಿಲ್ಲ, ತಲೆಗಂತೂ ಅದು ಸಾಕು.